ಸಾಲ್ಮನ್ ಇಲ್ಲದ ಸಾಲ್ಮನ್ ಹಾವು: ಫಿನ್ನಿಶ್ ಪ್ರಾಣಿಹೆಸರನ್ನು ಬಿಡಿಸುವ ಬಗೆ

ಫಿನ್ನಿಶ್‌ನಲ್ಲಿ ಡ್ರ್ಯಾಗನ್‌ಗೆ ‘ಲೊಹಿಕ್ಯಾರ್ಮೆ’ ಅನ್ನುತ್ತಾರೆ. ಲೊಹಿ ಅಂದ್ರೆ ಸಾಲ್ಮನ್ ಮೀನು, ಕ್ಯಾರ್ಮೆ ಅಂದ್ರೆ ಹಾವು. ಕಲಿಯಲು ಶುರು ಮಾಡಿದ ಹೊಸದರಲ್ಲಿ, ‘ಹಾವಿನಷ್ಟು ಉದ್ದ, ಮೀನಿನಂಥ ಮೈ, ಅದಕ್ಕೇ ಈ ಹೆಸರು’ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಪಕ್ಕದಲ್ಲಿ ಚಿತ್ರ ಬೇರೆ. ಅಷ್ಟೂ ತಪ್ಪು! ಆಮೇಲೆ ಈ ದಾರಿ ಹಿಡಿದೆ.

ಮೊದಲು ಹೊಲಿಗೆ ಹುಡುಕಿ. ಅಚ್ಚ ಫಿನ್ನಿಶ್ ಪದದಲ್ಲಿ ಅ, ಒ, ಉ ಇದ್ದ ಕಡೆ ‘ಆ್ಯ’ ಸ್ವರ ಬರುವುದಿಲ್ಲ. ಇ, ಎ ಮಾತ್ರ ಎರಡೂ ಗುಂಪಿಗೆ ಸಲ್ಲುತ್ತವೆ. ಇಲ್ಲಿ ಮೊದಲು ಒ, ಆಮೇಲೆ ಆ್ಯ. ಹಾಗಾದರೆ ಇವು ಎರಡು ಪದ, ನಡುವೆ ಹೊಲಿಗೆ ಇದೆ.

ಕೊನೆಯ ತುಂಡೇ ಯಜಮಾನ, ನಮ್ಮ ನೀರುನಾಯಿಯಲ್ಲಿ ನಾಯಿ ಇದ್ದ ಹಾಗೆ. ಡ್ರ್ಯಾಗನ್ ಒಂದು ಬಗೆಯ ಹಾವು, ಸರಿ. ಮೀನು ಎಲ್ಲಿಂದ ಬಂತು?

ಅರ್ಥ ಕೂಡದಿದ್ದರೆ ಕಥೆ ಕಟ್ಟಬೇಡಿ, ಸ್ವೀಡಿಶ್ ಕಡೆ ನೋಡಿ. 1809ರವರೆಗೆ ಫಿನ್ಲೆಂಡ್ ಸ್ವೀಡನ್ ಆಳ್ವಿಕೆಯಲ್ಲಿತ್ತು, ಪದಗಳು ರಾಶಿ ರಾಶಿ ಬಂದವು. ಹಳೆಯ ಫಿನ್ನಿಶ್ ನಾಲಿಗೆಗೆ ಪದದ ಮೊದಲಲ್ಲೇ ಒತ್ತಕ್ಷರ ಆಗುತ್ತಿರಲಿಲ್ಲ. ಹಾಗಾಗಿ ‘ಗ್ಲಾಸ್’ ಇಲ್ಲಿ ‘ಲಾಸಿ’ ಆಯಿತು. ಹಳೆಯ ಸ್ವೀಡಿಶ್‌ನಲ್ಲಿ ಹಾರುವ ಡ್ರ್ಯಾಗನ್‌ಗೆ ‘ಫ್ಲೋಗ್‌ಡ್ರಾಕಿ’ ಎಂಬ ಹೆಸರಿತ್ತು. ಅದರ ‘ಡ್ರಾಕಿ’ಯನ್ನು ಹಾವು ಅಂತ ಅನುವಾದಿಸಿದರು. ‘ಫ್ಲೋಗ್’ ಮಾತ್ರ ‘ಫ’ ಕಳೆದುಕೊಂಡು ಲೊಹಿ ಆಯಿತು. ಮೀನಿನ ಹೆಸರೂ ಅದೇ ಆಗಿತ್ತು, ನಾನು ಸುಮ್ನೆ ಗಾಳಕ್ಕೆ ಬಿದ್ದೆ.

ಸ್ವೀಡಿಶ್‌ನಲ್ಲೂ ಸಿಗದಿದ್ದರೆ ತುಂಡಿನ ಹಳೆಯ ಅರ್ಥ ಕೆದಕಿ. ಆಮೆಗೆ ‘ಕಿಲ್ಪಿಕೊನ್ನ’ ಅನ್ನುತ್ತಾರೆ. ಕಿಲ್ಪಿ ಗುರಾಣಿ. ಕೊನ್ನ ಅಂದರೆ ಇವತ್ತಿನ ಮಾತಿನಲ್ಲಿ ಖದೀಮ! ಗುರಾಣಿ ಹೊತ್ತ ಖದೀಮನೇ ಅಂತ ನಕ್ಕಿದ್ದೆ. ಆದರೆ ಕೊನ್ನ ಮೊದಲು ನೆಲಗಪ್ಪೆಯ ಹೆಸರು. ನೆಲಗಪ್ಪೆಯ ಇವತ್ತಿನ ಹೆಸರಾದ ‘ರುಪಿಕೊನ್ನ’ದಲ್ಲಿ ಆ ಅರ್ಥ ಈಗಲೂ ಬದುಕಿದೆ. ಗುರಾಣಿ ಕಪ್ಪೆ, ಚೆನ್ನಾಗಿದೆ ಅಲ್ವಾ?

ಎಲ್ಲಕ್ಕೂ ಇಷ್ಟು ಒದ್ದಾಡಬೇಕಿಲ್ಲ. ನೀರಾನೆ ಅಲ್ಲಿ ‘ವಿರ್ತಹೆಪೊ’, ಹೊಳೆಕುದುರೆ. ಗ್ರೀಕರೂ ಅದನ್ನು ಹೊಳೆಕುದುರೆ ಅಂತಲೇ ಕರೆದರು. ನಮಗೆ ಮಾತ್ರ ಅದು ಆನೆಯಾಗಿ ಕಂಡಿತು.