ಕ್ಯೂಸೆಕ್, ಟಿಎಂಸಿ ಮತ್ತು ಕಾವೇರಿಯ ಸುದ್ದಿಗಳು

ಮಂಡ್ಯದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕನಾಗಿ ನಿವೃತ್ತನಾದ ನನ್ನ ಬಳಿಗೆ ಈಗ ಲೆಕ್ಕ ಕೇಳಲು ಬರುವವರು ವಾಟ್ಸ್‌ಆ್ಯಪ್ ಸಂದೇಶ ಹಿಡಿದುಕೊಂಡ ರೈತರು. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಕಾವೇರಿ ನೀರಿನ ಬಗ್ಗೆ ಹರಿದಾಡುವ ಸುದ್ದಿಗಳಲ್ಲಿ ಪೂರ್ತಿ ಕಟ್ಟುಕಥೆಗಳು ಕಡಿಮೆ. ನಿಜವಾದ ಅಂಕಿಯೊಂದನ್ನು ಅದರ ಅವಧಿಯಿಂದಲೋ ಅಳತೆಯ ಜಾಗದಿಂದಲೋ ಬೇರ್ಪಡಿಸಿ, ಯಾವುದಾದರೂ ಪಕ್ಷವನ್ನು ಬಯ್ಯಲು ಅನುಕೂಲವಾಗುವಂತೆ ಹೇಳುವುದೇ ಹೆಚ್ಚು. ಆದ್ದರಿಂದ ಸಂದೇಶ ಯಾರದೆಂದು ವಿಚಾರಿಸುವ ಮೊದಲು ಅದರಲ್ಲಿರುವ ಅಂಕಿಯ ಮಾನ ಯಾವುದೆಂದು ನೋಡುವುದು ನನ್ನ ರೂಢಿ.

2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರು ನಿಯಂತ್ರಣ ಸಮಿತಿಯು ಹದಿನೈದು ದಿನಗಳ ಕಾಲ 5,000 ಕ್ಯೂಸೆಕ್‌ನಂತೆ ತಮಿಳುನಾಡಿಗೆ ನೀರು ಹರಿಸಲು ಕರ್ನಾಟಕಕ್ಕೆ ಹೇಳಿದಾಗ, ನಮ್ಮ ಬೀದಿಯ ಯುವಕನೊಬ್ಬ ಫೋನು ಚಾಚಿ, “ಮೇಷ್ಟ್ರೇ, ದಿನಕ್ಕೆ ಐದು ಟಿಎಂಸಿ ಬುಡ್ತಾವ್ರಂತಲ್ಲ, ನಮ್ಗೇನು ಉಳೀತದೆ?” ಎಂದು ಕೇಳಿದ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನದಲ್ಲಿ 86,400 ಸೆಕೆಂಡುಗಳಿರುವುದರಿಂದ, ಒಂದು ದಿನದಲ್ಲಿ ಒಂದು ಟಿಎಂಸಿ ಹರಿಯಬೇಕಾದರೆ ಸುಮಾರು 11,574 ಕ್ಯೂಸೆಕ್ ಬೇಕು. ಆ ಪ್ರಕಾರ ಹದಿನೈದು ದಿನದ ಹರಿವು ಒಟ್ಟು ಆರೂವರೆ ಟಿಎಂಸಿಯಷ್ಟಾಗುತ್ತದೆ. ಸಂದೇಶವೇ ಸರಿಯಾಗಿದ್ದಿದ್ದರೆ, 49.45 ಟಿಎಂಸಿ ಹಿಡಿಯುವ ಕನ್ನಂಬಾಡಿ ಕಟ್ಟೆ ಭರ್ತಿಯಾಗಿದ್ದರೂ ಹತ್ತು ದಿನಕ್ಕೆ ಬರಿದಾಗಬೇಕಿತ್ತು. ಬರಗಾಲದಲ್ಲಿ ಆರೂವರೆ ಟಿಎಂಸಿಯೂ ಸಣ್ಣದಲ್ಲ ಎಂದು ಆತ ವಾದಿಸಿದ. ಆ ವಾದಕ್ಕೆ ನನ್ನ ತಕರಾರಿರಲಿಲ್ಲ.

ಅಳತೆಯ ಜಾಗದ ಗೊಂದಲ ಇದಕ್ಕಿಂತ ನಯವಾದದ್ದು. ಅಣೆಕಟ್ಟೆಯ ದಿನದ ವರದಿಯಲ್ಲಿ ಕಾಣುವ ಹೊರಹರಿವಿನ ಅಂಕಿಯಲ್ಲಿ ನಮ್ಮದೇ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರೂ ಸೇರಿರುತ್ತದೆ. ಅದನ್ನಷ್ಟನ್ನೂ ತಮಿಳುನಾಡಿಗೆ ಹೋದದ್ದೆಂದು ಬರೆದ ಸಂದೇಶವನ್ನು, ಅದೇ ನಾಲೆಯ ನೀರಿನಲ್ಲಿ ಭತ್ತ ನಾಟಿ ಮಾಡಿದವರೇ ಮುಂದಕ್ಕೆ ಕಳುಹಿಸುತ್ತಿರುತ್ತಾರೆ. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವುದು ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿಗೆ ತಲುಪುವ ಹೊತ್ತಿಗೆ ತಿರುಮಕೂಡಲು ನರಸೀಪುರದಲ್ಲಿ ಕಬಿನಿಯೂ ಬಂದು ಕೂಡಿರುತ್ತದೆ. ಎರಡು ಜಾಗದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಸರ್ಕಾರದ ಸುಳ್ಳು ಬಯಲು’ ಎಂದು ತಲೆಬರಹ ಕೊಟ್ಟರೆ ಓದುವವನಿಗೆ ಅನುಮಾನ ಬರುವುದೇ ಇಲ್ಲ.

ವಿಡಿಯೊಗಳ ಪರೀಕ್ಷೆ ಸುಲಭ. ನೀರಿನ ಮಟ್ಟ ನೂರು ಅಡಿಗಿಂತ ಕೆಳಗಿದ್ದ ಆ ದಿನಗಳಲ್ಲಿ, ಕಟ್ಟೆ ತುಂಬಿ ತುಳುಕುತ್ತಾ ಗೇಟುಗಳಿಂದ ಬೆಳ್ಳನೆಯ ನೊರೆ ಧುಮುಕುವ ದೃಶ್ಯ ಬಂದರೆ, ಅದು ಹಿಂದಿನ ಯಾವುದೋ ಒಳ್ಳೆಯ ಮಳೆಗಾಲದ್ದು ಎಂದು ಅಂದಿನ ಪತ್ರಿಕೆಯ ಜಲಾಶಯ ಮಟ್ಟದ ಅಂಕಣವೇ ಹೇಳುತ್ತದೆ.

ಕಷ್ಟವಾಗುವುದು ನಮ್ಮ ಪರವಾಗಿರುವ ಸುಳ್ಳನ್ನು ಪ್ರಶ್ನಿಸುವಾಗ. ತಮಿಳುನಾಡಿನ ಮೆಟ್ಟೂರು ಜಲಾಶಯದ ಮಟ್ಟ ನಲವತ್ತು ಅಡಿಯಷ್ಟಿದ್ದಾಗ ‘ಅವರ ಬಳಿ ನಲವತ್ತು ಟಿಎಂಸಿ ಇದೆ’ ಎಂಬ ಸಂದೇಶ ಓಡಾಡಿತು. ಮೆಟ್ಟೂರಿನ ಪೂರ್ಣ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ. ಆದರೆ ಜಲಾಶಯದ ತಳ ಕಿರಿದು, ಮೇಲ್ಭಾಗ ಹರವು. ಆದ್ದರಿಂದ ಮಟ್ಟ ಮೂರನೇ ಒಂದರಷ್ಟಿದ್ದರೆ ನೀರು ಮೂರನೇ ಒಂದಕ್ಕಿಂತ ಬಹಳ ಕಡಿಮೆ ಇರುತ್ತದೆ. ಸಂತೆಗೆ ಹೊರಟವರ ಎದುರು ಇದನ್ನು ವಿವರಿಸಿದಾಗ ಒಬ್ಬ ಹಿರಿಯರು, “ಮೇಷ್ಟ್ರು ಯಾವ ಕಡೇರು?” ಎಂದೇ ಕೇಳಿದರು. ಅಂಥವರಿಗೆ ನಾನು ಕನ್ನಂಬಾಡಿಯನ್ನೇ ತೋರಿಸುತ್ತೇನೆ: ಇಲ್ಲಿಯೂ ಕೊನೆಯ ಅಡಿಗಳಲ್ಲಿ ಸೇರುವಷ್ಟು ನೀರು ತಳದ ಅಡಿಗಳಲ್ಲಿ ಇರುವುದಿಲ್ಲ ಎಂಬುದನ್ನು ಅವರು ತಕ್ಷಣ ಒಪ್ಪುತ್ತಾರೆ, ಮೆಟ್ಟೂರಿಗೂ ಅದೇ ಲೆಕ್ಕ ಎಂದರೆ ಸ್ವಲ್ಪ ತಡೆದು ಒಪ್ಪುತ್ತಾರೆ.

2018ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪನ್ನೂ ಜನ ತಮಗೆ ಬೇಕಾದಂತೆ ಕತ್ತರಿಸಿಕೊಂಡಿದ್ದಾರೆ. ‘ಕರ್ನಾಟಕಕ್ಕೆ ಸಿಕ್ಕಿದ್ದು ಬರೀ 14.75 ಟಿಎಂಸಿ’ ಎಂಬ ಸಾಲು ಈಗಲೂ ಆಗಾಗ ಬರುತ್ತದೆ. ನ್ಯಾಯಮಂಡಳಿ ಕೊಟ್ಟಿದ್ದ 270ರ ಮೇಲೆ ಸೇರಿದ ಹೆಚ್ಚುವರಿ ಅದು. ಒಟ್ಟು ಪಾಲು 284.75. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಹರಿಸಬೇಕಾದ ಪ್ರಮಾಣ 192ರಿಂದ 177.25ಕ್ಕೆ ಇಳಿದದ್ದೂ ಅದೇ ಕಾರಣಕ್ಕೆ. ಈ ಪಾಲು ಮಂಡ್ಯದ ಗದ್ದೆಗೆ ಸಾಕೇ ಎಂಬುದು ಬೇರೆ ಪ್ರಶ್ನೆ. ಅದರ ಬಗ್ಗೆ ನನಗೂ ಆ ಹಿರಿಯರಿಗೂ ಇನ್ನೂ ವಾದ ನಡೆಯುತ್ತಲೇ ಇದೆ, ಆದರೆ ಈಗ ಇಬ್ಬರ ಬಾಯಲ್ಲೂ ಇರುವುದು ಒಂದೇ ಅಂಕಿ.