ಆವರಣ ಹಾಕುವ ಮುನ್ನ ಪ್ರತ್ಯಯ ಎಲ್ಲಿದೆ ನೋಡಿ

ಸುತ್ತೋಲೆ, ಪತ್ರಿಕಾ ಪ್ರಕಟಣೆ, ಸಂಘದ ವರದಿ ಯಾವುದನ್ನೇ ತೆಗೆದರೂ ಆವರಣ ಚಿಹ್ನೆಯ ಬಳಿ ಒಂದಾದರೂ ಮುಗ್ಗರಿಕೆ ಸಿಗುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೇ ಅಂಟಬೇಕು. ನಡುವೆ ಆವರಣ ಬಂದು ಕುಳಿತರೆ ಪ್ರತ್ಯಯ ಅತಂತ್ರವಾಗುತ್ತದೆ.

ಹಂತ 1: ಆವರಣ ಬೇಕೇ?

ಸಂಕ್ಷಿಪ್ತ ಹೆಸರು ಬರಹದಲ್ಲಿ ಮತ್ತೆ ಬರುವುದಿಲ್ಲ ಎಂದಾದರೆ ಬೇಡ. ಬರುವುದಾದರೆ ಮೊದಲ ಸಲ ಮಾತ್ರ ಆವರಣದಲ್ಲಿ ಕೊಟ್ಟು, ಆಮೇಲೆ ಸಂಕ್ಷಿಪ್ತ ರೂಪವನ್ನಷ್ಟೇ ಬಳಸಿ.

ಹಂತ 2: ಪ್ರತ್ಯಯವನ್ನು ಆವರಣಕ್ಕಿಂತ ಮೊದಲೇ ಮುಗಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ (ಕೆಎಸ್‌ಆರ್‌ಟಿಸಿ)ದ ಬಸ್ಸುಗಳು’ ಎಂದು ಬರೆದರೆ ‘ದ’ ಯಾರದು? ನಿಗಮಕ್ಕೆ ‘ದ’ ಸರಿ, ಆದರೆ ಅದರ ಪಕ್ಕದಲ್ಲಿರುವ ಕೆಎಸ್‌ಆರ್‌ಟಿಸಿಗೆ ಬೇಕಾದದ್ದು ‘ಯ’. ‘ಯ’ ಹಾಕಿದರೆ ನಿಗಮ ಬರಿಗೈಯಲ್ಲಿ ಉಳಿಯುತ್ತದೆ. ‘ನಿಗಮದ (ಕೆಎಸ್‌ಆರ್‌ಟಿಸಿ) ಬಸ್ಸುಗಳು’ ಎಂದು ಬರೆಯಿರಿ, ತಕರಾರು ಮುಗಿಯಿತು. ‘ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ (ಬಿಎಂಟಿಸಿ)ಯ’ ಎಂಬುದು ಕಿವಿಗೆ ಒರಟಾಗದಿರಲು ಕಾರಣ, ಸಂಸ್ಥೆ ಮತ್ತು ಬಿಎಂಟಿಸಿ ಎರಡಕ್ಕೂ ‘ಯ’ವೇ ಹತ್ತುತ್ತದೆ. ಅದು ಕಾಕತಾಳೀಯ, ನಿಯಮವಲ್ಲ.

ಉಕಾರಾಂತ ಪದಗಳಲ್ಲಿ ಇನ್ನೂ ಕಷ್ಟ. ತಾಲ್ಲೂಕು ಎಂಬುದಕ್ಕೆ ‘ಇನ’ ಸೇರಿದಾಗ ಕೊನೆಯ ಉಕಾರ ಬಿದ್ದು ‘ತಾಲ್ಲೂಕಿನ’ ಆಗುತ್ತದೆ. ‘ಸಾಗರ ತಾಲ್ಲೂಕು (ಶಿವಮೊಗ್ಗ ಜಿಲ್ಲೆ)ನ’ ಎಂದು ಬರೆದರೆ ಆವರಣದ ಆಚೆಗಿರುವ ಪ್ರತ್ಯಯಕ್ಕೆ ಈಚೆಯ ಉಕಾರ ಎಟುಕುವುದೇ ಇಲ್ಲ. ‘ಸಾಗರ ತಾಲ್ಲೂಕಿನ (ಶಿವಮೊಗ್ಗ ಜಿಲ್ಲೆ)’ ಎಂಬುದೇ ಸರಿ.

ಪರೀಕ್ಷೆ ಸುಲಭ: ಆವರಣವನ್ನೂ ಒಳಗಿನದನ್ನೂ ಬೆರಳಿನಿಂದ ಮುಚ್ಚಿ ವಾಕ್ಯ ಓದಿ. ‘ನಿಗಮ ದ’ ಎಂದು ಮುರಿದರೆ ತಿದ್ದಿ. ಪತ್ರಿಕೆಗಳೂ ಹಾಗೆ ಬರೆಯುತ್ತವಲ್ಲ ಎಂಬ ವಾದ ಬೇಡ. ಅವಸರದಲ್ಲಿ ರೂಢಿಯಾದ ಒಳದಾರಿ ಅದು.

ಉದ್ಧರಣ ಚಿಹ್ನೆಯ ಲೆಕ್ಕ ಬೇರೆ. ಅದರೊಳಗಿನ ಹೆಸರನ್ನು ತೆಗೆದುಹಾಕಲಾಗದು, ಆದ್ದರಿಂದ ‘ಪ್ರಜಾವಾಣಿ’ಯಲ್ಲಿ ಎಂದು ಪ್ರತ್ಯಯವನ್ನು ಹೊರಗೆ ಅಂಟಿಸಬಹುದು. ನಡುವೆ ಜಾಗ ಮಾತ್ರ ಬಿಡಬೇಡಿ. ಬಿಟ್ಟರೆ ‘ಯಲ್ಲಿ’ ಮುಂದಿನ ಸಾಲಿಗೆ ಜಾರುತ್ತದೆ.

ಹಂತ 3: ಜಾಗ

ತೆರೆಯುವ ಆವರಣದ ಹಿಂದೆ ಒಂದು ಜಾಗ, ಒಳಬದಿಯಲ್ಲಿ ಎರಡೂ ಕಡೆ ಏನೂ ಇಲ್ಲ. ಅಲ್ಪವಿರಾಮ, ಪೂರ್ಣವಿರಾಮಗಳ ಹಿಂದೆಯೂ ಇಲ್ಲ.

ಹಂತ 4: ಪೂರ್ಣವಿರಾಮ ಒಳಗೋ ಹೊರಗೋ

ಆವರಣದೊಳಗೆ ಇಡೀ ವಾಕ್ಯ ಸ್ವತಂತ್ರವಾಗಿ ನಿಂತಿದ್ದರೆ ಒಳಗೆ, ವಾಕ್ಯದ ತುಂಡಾದರೆ ಹೊರಗೆ. ಮಾತನ್ನು ಉದ್ಧರಿಸುವಾಗ ‘ಎಂದರು’ ಬರುವವರೆಗೆ ವಾಕ್ಯ ಮುಗಿದಿಲ್ಲ. ಹಾಗಾಗಿ: “ನಾಳೆ ಬರುತ್ತೇನೆ” ಎಂದರು. ‘ಬರುತ್ತೇನೆ’ಯ ಮುಂದೆ ಚುಕ್ಕೆ ಬೇಡ, ಇಂಗ್ಲಿಷಿನ ರೂಢಿಯಿಂದ ಬಂದ ಅಲ್ಪವಿರಾಮವೂ ಬೇಡ. ಪ್ರಶ್ನಾರ್ಥಕ ಚಿಹ್ನೆಯಾದರೆ ಇರಲೇಬೇಕು: “ನಾಳೆ ಬರುತ್ತೀರಾ?” ಎಂದು ಕೇಳಿದರು. ‘ಅವರು ಯಾವಾಗ ಬರುತ್ತಾರೆಂದು ಕೇಳಿದೆ’ ಎಂಬುದು ಪ್ರಶ್ನೆಯಲ್ಲ, ವರದಿ. ಅದರ ಕೊನೆಗೆ ಪೂರ್ಣವಿರಾಮ ಸಾಕು.

ಹಂತ 5: ಆವರಣದೊಳಗೆ ಆವರಣ

ಹಾಕಬೇಡಿ, ವಾಕ್ಯ ಒಡೆಯಿರಿ. ಚೌಕಾವರಣ [ ] ಇರುವುದು ಇನ್ನೊಬ್ಬರ ಮಾತಿನ ನಡುವೆ ನೀವು ಸೇರಿಸಿದ ಪದವನ್ನು ಗುರುತಿಸಲು: “ಅವರು [ಕಾರ್ಯದರ್ಶಿ] ಒಪ್ಪಿದ್ದಾರೆ.”

ಹಂತ 6: ಕೊನೆಯ ಜಾಲಾಟ

ತೆರೆದ ಆವರಣಗಳೆಷ್ಟು, ಮುಚ್ಚಿದವೆಷ್ಟು, ಹುಡುಕು ಸೌಲಭ್ಯದಲ್ಲಿ ಎಣಿಸಿ, ಸಂಖ್ಯೆ ಹೊಂದಬೇಕು. ‘ಆರ್‌ಟಿ’ಯ ನಡುವೆ, ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಅಕ್ಷರ ಇಲ್ಲದಿದ್ದರೆ ಅದು ‘ರ್ಟಿ’ ಎಂದು ಕೂಡಿಕೊಳ್ಳುತ್ತದೆ. ಧ್ವನಿ ಟೈಪಿಂಗ್ ಬಳಸಿದ್ದರೆ ಚಿಹ್ನೆಗಳನ್ನೆಲ್ಲ ಕೈಯಿಂದಲೇ ಮತ್ತೆ ನೋಡಬೇಕು, ಅದನ್ನು ನಂಬಲಾಗದು.

ಬಳಿಕ ಕೋಲನ್ ಹುಡುಕಿ. ವಿಸರ್ಗದ ಜಾಗದಲ್ಲಿ ಕೋಲನ್ ಒತ್ತಿ ‘ದು:ಖ’ ಎಂದು ಬರೆದರೆ ಕಣ್ಣಿಗೆ ಸರಿ ಕಂಡರೂ, ಕಡತದಲ್ಲಿ ‘ದುಃಖ’ ಹುಡುಕಿದಾಗ ಅದು ಸಿಗುವುದಿಲ್ಲ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆಯಲ್ಲಿ ಶಿಫ್ಟ್ ಜೊತೆ ಎಚ್ ಒತ್ತಿದರೆ ವಿಸರ್ಗ, ಎಂ ಒತ್ತಿದರೆ ಅನುಸ್ವಾರ. ಅನುಸ್ವಾರದ ಬದಲು ಕನ್ನಡ ಸೊನ್ನೆ ಹಾಕಿದ ‘ಬ೦ದ’ದಂಥವುಗಳನ್ನೂ ಇದೇ ಸುತ್ತಿನಲ್ಲಿ ತಿದ್ದಿ.