ಎರಡು ಮನೆಯ ಶೇರು, ಎರಡು ಟ್ರಸ್ಟ್: ನನ್ನ ಅನುಭವ

ಕುಟುಂಬದ ಕಂಪನಿಯ ಶೇರಿನ ಮೇಲೆ ವಾರಸುದಾರರಿಗಾಗಿ ಟ್ರಸ್ಟ್ ಮಾಡಿದರೆ ನಿಲ್ಲುವುದಿಲ್ಲ ಎಂದು ನಮ್ಮ ಹಿರಿಯ ಕಂಪನಿ ಸೆಕ್ರೆಟರಿಗಳು ಹೇಳುತ್ತಲೇ ಇದ್ದರು. ಕಂಪನಿ ಕಾಯ್ದೆಯ ಮಾದರಿ ನಿಯಮಾವಳಿಯಾದ ಟೇಬಲ್ ಎಫ್‌ನ 4ನೇ ನಿಯಮ ತೋರಿಸುವರು: ಕಂಪನಿ ಟ್ರಸ್ಟನ್ನು ಗುರುತಿಸಬೇಕಾಗಿಲ್ಲ. ನಿಯಮ ನಿಜ. ಆದರೆ ಅದು ಕಂಪನಿಗೆ ಕೊಟ್ಟ ರಕ್ಷಣೆ, ಟ್ರಸ್ಟಿಗೆ ಹಾಕಿದ ತಡೆಯಲ್ಲ. ನಾನು ಮಾಡಿದ್ದು ನಿಂತಿದೆ.

ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಪ್ರೈವೇಟ್ ಲಿಮಿಟೆಡ್. ಅಣ್ಣ ತಮ್ಮ ಅರ್ಧರ್ಧ. ‘ಆಯಾ ಮನೆಯ ಶೇರು ಆಯಾ ಮನೆಯ ವಾರಸುದಾರರಿಗೇ’ ಎಂದು ಛಾಪಾ ಕಾಗದದ ಮೇಲೆ ಬರೆದ ಹಳೆಯ ಕರಾರೊಂದಿತ್ತು. ಅಣ್ಣ ತೀರಿಕೊಂಡಾಗ ನಾಮಿನಿ ತಮ್ಮ, ಅಂದರೆ ಅಣ್ಣನ ಮಕ್ಕಳ ಕಾಕಾ. ‘ನಮ್ಮಣ್ಣ ನನ್ನ ಹೆಸರು ಬರದಾನ ಅಂದ ಮ್ಯಾಲ ಶೇರು ನಂದ ಅಲ್ಲೇನ್ರಿ?’ ಎಂದು ಕಾಕಾ ಬೋರ್ಡಿನಲ್ಲಿ ಠರಾವಿಗೇ ಇಟ್ಟುಬಿಟ್ಟಿದ್ದರು.

ನನ್ನ ಬಳಿ ಬರುವಷ್ಟರಲ್ಲಿ ಅಣ್ಣನ ಹೆಂಡತಿ ವೈನಿಯ ಕಡೆಯಿಂದ ವಕೀಲರಿಗೆ ಮೂರು ಲಕ್ಷದ ಹತ್ತಿರ ಹೋಗಿತ್ತು. ಕರಾರನ್ನೇ ಟ್ರಸ್ಟ್ ಎಂದು ವಾದಿಸುವ ದಾರಿ ಹಿಡಿದಿದ್ದರು. ಅದಕ್ಕೆ ಎದುರು ವಿ.ಬಿ. ರಂಗರಾಜ್ ತೀರ್ಪು ಗೋಡೆಯಂತೆ ನಿಂತಿತ್ತು. ಅಲ್ಲಿಯೂ ಎರಡು ಮನೆಯ ಸಮಪಾಲಿನ ಒಪ್ಪಂದ. ಕಂಪನಿಯ ಸ್ವಂತ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲಿ ಇಲ್ಲದ ನಿರ್ಬಂಧ ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಮುಂದೆ ಯಾರೋ ಎಂಜಿಟಿ-4 (ಶೇರಿನ ಲಾಭದ ಹಕ್ಕು ಬೇರೆಯವರದು ಎಂದು ರಿಜಿಸ್ಟರಿನಲ್ಲಿ ಹೆಸರಿರುವವರು ಕೊಡುವ ಘೋಷಣೆ) ಹಾಕಿಸಲು ನೋಡಿದರು. ರಿಜಿಸ್ಟರಿನಲ್ಲಿರುವ ಹೆಸರಿನವರೇ ತೀರಿಕೊಂಡಿರುವಾಗ ಸಹಿ ಮಾಡುವವರು ಯಾರು? ಮೇಲಾಗಿ ಆ ಫಾರಂ ಇರುವ ಹಕ್ಕನ್ನು ತಿಳಿಸುತ್ತದೆ, ಇಲ್ಲದ ಹಕ್ಕನ್ನು ಹುಟ್ಟಿಸುವುದಿಲ್ಲ.

ಬಾಗಿಲು ತೆರೆದದ್ದು 2023ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ಶಕ್ತಿ ಯಜ್ದಾನಿ ತೀರ್ಪು: ಶೇರಿನ ನಾಮಿನಿ ಮಾಲೀಕನಲ್ಲ, ನಾಮನಿರ್ದೇಶನ ವಾರಸಾ ಕಾನೂನನ್ನು ಮೀರುವುದಿಲ್ಲ. ಅದನ್ನು ಕಾಕಾ ಎದುರು ಕುಳಿತು ಕನ್ನಡದಲ್ಲಿ ಓದಿ ಹೇಳಿದೆ. ಠರಾವು ಹಿಂದೆ ತೆಗೆದುಕೊಂಡರು. ಉಯಿಲು ಇರಲಿಲ್ಲ. ವೈನಿ, ಮಗ, ಮಗಳು ಮೂವರ ಹೆಸರಿಗೂ ಸಮನಾಗಿ ವಾರಸಿನ ವರ್ಗಾವಣೆ, ಅಂದರೆ ಟ್ರಾನ್ಸ್‌ಮಿಷನ್ ಆಯಿತು. ಇದನ್ನು ಮುಗಿಸದೆ ಟ್ರಸ್ಟ್ ಡೀಡ್ ಮುಟ್ಟಬೇಡಿ. ತನ್ನದಲ್ಲದ್ದನ್ನು ಯಾರೂ ಟ್ರಸ್ಟಿಗೆ ಕೊಡಲಾಗದು.

ಮನಸ್ಸು ಕರಗಿದ ಕಾಕಾ ಎರಡೂ ಮನೆಯ ಮಕ್ಕಳಿಗೆ ಒಂದೇ ಟ್ರಸ್ಟ್ ಮಾಡೋಣ ಎಂದರು. ಅಲ್ಲೇ ತೆರಿಗೆಯ ಗುಂಡಿ. ಕಾಕಾ ಅಣ್ಣನ ಮಗನಿಗೆ ನೇರವಾಗಿ ಶೇರು ಕೊಟ್ಟರೆ 1961ರ ಆದಾಯ ತೆರಿಗೆ ಕಾಯ್ದೆಯ 56(2)(x), ಅಂದರೆ ಸಂಬಂಧಿಗಳಲ್ಲದವರಿಂದ ಪುಕ್ಕಟೆ ಬಂದ ಆಸ್ತಿಗೆ ಪಡೆದವರ ಮೇಲೆ ಬೀಳುವ ತೆರಿಗೆ, ತಾಗುತ್ತಿರಲಿಲ್ಲ. ಟ್ರಸ್ಟ್ ಮೂಲಕ ಕೊಟ್ಟರೆ ಯಾರು ಸಂಬಂಧಿ ಎಂಬ ಲೆಕ್ಕ ಕಾಕಾನ ಕಡೆಯಿಂದ, ಆ ‘ಸಂಬಂಧಿ’ಗಳ ಪಟ್ಟಿಯಲ್ಲಿ ಅಣ್ಣನ ಮಕ್ಕಳಿಲ್ಲ. ಅದಕ್ಕೇ ಎರಡು ಟ್ರಸ್ಟ್. ಕಾಕಾ ತಮ್ಮ ಮಕ್ಕಳು ಮೊಮ್ಮಕ್ಕಳಿಗೆ, ವೈನಿ ತಮ್ಮವರಿಗೆ. ಎರಡೂ ಹಿಂದೆಗೆಯಲಾಗದಂಥವು, ಫಲಾನುಭವಿಗಳ ಪಾಲು ಡೀಡಿನಲ್ಲೇ ನಿಗದಿ. ಶೇರು ಟ್ರಸ್ಟಿಗಳ ಹೆಸರಿಗೆ ಹೋಯಿತು. ಹಳೆಯ ಕರಾರಿನ ಸಾರವನ್ನು ವಿಶೇಷ ಠರಾವು ಮಾಡಿ ಆರ್ಟಿಕಲ್ಸ್‌ಗೆ ಸೇರಿಸಿ ಠರಾವನ್ನು ರಿಜಿಸ್ಟ್ರಾರರಿಗೆ ತಿಳಿಸುವ ಎಂಜಿಟಿ-14 ಹಾಕಿದೆವು. ಆಮೇಲೆ ಶೇರಿನ ಲಾಭದ ಹಕ್ಕು ಯಾರದೆಂದು ತಿಳಿಸುವ ಫಾರಂಗಳು: ಎಂಜಿಟಿ-4, 5, 6, ಬೆನ್-1. ಟ್ರಸ್ಟಿಗಳಲ್ಲಿ ಭಿನ್ನಾಭಿಪ್ರಾಯ ಬಂದಾಗ ಮತ ಯಾರು ಹಾಕಬೇಕೆಂಬ ಕಲಮನ್ನು ನಾನೇ ಕಟ್ಟಿದ್ದು, ಅದರ ಒಕ್ಕಣೆ ಇಲ್ಲಿ ಕೊಡುವುದಿಲ್ಲ. ಅದು ನನ್ನ ಕಸುಬಿನ ಬಂಡವಾಳ.

ಇದೇ ಹೊತ್ತಿಗೆ ಬೇರೊಂದು ಕುಟುಂಬದ ಕಂಪನಿಯಲ್ಲಿ ಮಕ್ಕಳಿಗೆ ಮತದ ಹಕ್ಕಿಲ್ಲದ ಶೇರು ಕೊಟ್ಟು ನೋಡಿದೆ. ಆಡಳಿತ ಹಿರಿಯರ ಕೈಯಲ್ಲೇ ಉಳಿಯಿತು. ಆದರೆ ಹಿರಿಯರ ಶೇರಿನ ಮುಂದಿನ ಗತಿ ಏನೆಂಬ ಪ್ರಶ್ನೆ ಹಾಗೇ ಉಳಿಯಿತು, ಅರ್ಧ ಮದ್ದು.

ಖರ್ಚು ಛಾಪಾ, ಫೈಲಿಂಗ್, ನನ್ನ ಫೀ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದೊಳಗೆ. ಅರ್ಧಕ್ಕಿಂತ ಹೆಚ್ಚು ನನ್ನ ಫೀ, ಅದಕ್ಕೆ ತಕ್ಕ ಕೆಲಸ ಮಾಡಿದ್ದೇನೆ. ಈ ಸಲದ ಡಿವಿಡೆಂಡ್ ಎರಡೂ ಟ್ರಸ್ಟಿನ ಖಾತೆಗೆ ಬಂದು, ಅಲ್ಲಿಂದ ಫಲಾನುಭವಿಗಳ ಕೈ ಸೇರಿದೆ. ವೈನಿಯ ಟ್ರಸ್ಟಿನಲ್ಲಿ ಕಾಕಾ ಒಬ್ಬ ಟ್ರಸ್ಟಿ. ಅವರನ್ನು ಸೇರಿಸಿ ಎಂದು ಕೇಳಿದ್ದು ವೈನಿಯೇ.